ಶೆಡ್ಡಿನ ಮಾತು

ಮಗ್ಗದ ಶೆಡ್ಡಿನಲ್ಲಿ ಯಾರೂ ಕೂಗುವುದಿಲ್ಲ. ಕೂಗಿ ಪ್ರಯೋಜನವೂ ಇಲ್ಲ. ಸಾಲುಸಾಲು ಮಗ್ಗಗಳು ಒಟ್ಟಿಗೆ ಓಡತೊಡಗಿದರೆ, ಲಾಳಿಗಳು ಆ ಪಕ್ಕದಿಂದ ಈ ಪಕ್ಕಕ್ಕೆ ಬಡಿಯುವ ಸದ್ದಿಗೆ ತಗಡಿನ ಸೂರೇ ನಡುಗುತ್ತದೆ. ಕಿವಿಗೆ ಬಾಯಿಟ್ಟು ಅರಚಿದರೂ ಬಿಸಿಯುಸಿರು ತಾಗೀತೇ ಹೊರತು ಮಾತು ತಾಗುವುದಿಲ್ಲ. ಆದ್ದರಿಂದ ಅಲ್ಲಿ ದುಡಿಯುವವರು ದನಿಯನ್ನು ಊಟದ ಡಬ್ಬಿಯ ಜೊತೆ ಬಾಗಿಲ ಬಳಿಯೇ ಇಟ್ಟು ಒಳಗೆ ಬರುತ್ತಾರೆ. ಬಾಯಿಯನ್ನು ಅಗಲವಾಗಿ ತೆರೆದು, ಒಂದೊಂದು ಅಕ್ಷರಕ್ಕೂ ತುಟಿಯನ್ನು ಬೇರೆಬೇರೆ ಮಡಚಿ, ಹುಬ್ಬು ಕುಣಿಸಿ, ಬೇಕಾದ ಕಡೆ ಬೆರಳು ಸೇರಿಸಿ ಮಾತಾಡುತ್ತಾರೆ. ಶೆಡ್ಡಿನ ಈ ತುದಿಯ ಸೊಸೆ ಆ ತುದಿಯ ಗೆಳತಿಗೆ ಅತ್ತೆಯ ಮೇಲಿನ ದೂರನ್ನೆಲ್ಲ ಹೇಳಿಕೊಳ್ಳಬಹುದು. ನಡುವಿನ ಮಗ್ಗದಲ್ಲಿ ನಿಂತ ಅತ್ತೆ ತಿರುಗಿ ನೋಡದಿದ್ದರೆ ಸಾಕು.

ಈ ಮಾತಿಗೆ ಇರುವುದು ಒಂದೇ ಕಟ್ಟುಪಾಡು. ಎದುರಿನವರು ಮಾತಾಡುವಾಗ ಕಣ್ಣು ಮುಚ್ಚಬಾರದು. ಬೈಗುಳವನ್ನು ಶೆಡ್ಡಿನವರು ಸಂಜೆಯೊಳಗೆ ಮರೆಯುತ್ತಾರೆ. ಕಣ್ಣು ಮುಚ್ಚಿದ್ದನ್ನು ಮರೆಯುವುದಿಲ್ಲ. ಅಕ್ಕಪಕ್ಕದ ಮಗ್ಗದ ಇಬ್ಬರು ಹೆಂಗಸರು ಯಾವುದೋ ಜಗಳದಲ್ಲಿ ಒಬ್ಬರಿಗೊಬ್ಬರು ಕಣ್ಣು ಮುಚ್ಚಿ, ಮುದುಕಿಯರಾಗುವವರೆಗೂ ಮಾತು ಬಿಟ್ಟಿದ್ದರು.

ನಗಾರಿಯನ್ನು ಅವಳ ತಾಯಿ ಈ ಶೆಡ್ಡಿಗೆ ಕರೆತಂದಾಗ ಅವಳಿನ್ನೂ ಎರಡು ಜಡೆ ಹಾಕಿಕೊಳ್ಳುತ್ತಿದ್ದ ಹುಡುಗಿ. ತುಂಡಾದ ಎಳೆಗೆ ಗಂಟು ಹಾಕುವುದನ್ನು ಕಲಿತಳು, ಲಾಳಿಯಲ್ಲಿ ನೂಲು ಮುಗಿಯುವ ಹೊತ್ತನ್ನು ನೋಡದೆಯೇ ಊಹಿಸುವುದನ್ನು ಕಲಿತಳು. ಮಗ್ಗ ರಿಪೇರಿ ಮಾಡುವ ಮೇಸ್ತ್ರಿಯನ್ನು ಅಲ್ಲಿಯೇ ನೋಡಿದಳು, ಅಲ್ಲಿಯೇ ಒಪ್ಪಿದಳು. ಮೇಸ್ತ್ರಿ ಎಣ್ಣೆಯ ಡಬ್ಬಿ ಹಿಡಿದು ಶೆಡ್ಡಿನ ನಡುವೆ ನಿಂತು, ಎಲ್ಲರೂ ನೋಡುವಂತೆ ಬಾಯಗಲಿಸಿ, "ನನ್ನ ಮದುವೆ ಆಗ್ತೀಯಾ?" ಎಂದು ಕೇಳಿದ್ದ. ಅವಳು ಉತ್ತರಿಸುವ ಮೊದಲೇ ಇಡೀ ಶೆಡ್ಡು "ಆಗ್ತಾಳೆ, ಆಗ್ತಾಳೆ" ಎಂದು ಸದ್ದಿಲ್ಲದೆ ಕೂಗಿತ್ತು.

ನಗಾರಿ ಎಂಬುದು ಶೆಡ್ಡಿನ ಹೊರಗೆ ಅವಳಿಗೆ ಬಿದ್ದ ಹೆಸರು. ವರ್ಷಗಳ ಸದ್ದು ಅವಳ ಕಿವಿಯನ್ನು ಸ್ವಲ್ಪಸ್ವಲ್ಪವಾಗಿ ತಿಂದುಹಾಕಿತ್ತು. ಮೊದಲು ಹಕ್ಕಿಯ ದನಿ ಹೋಯಿತು, ಆಮೇಲೆ ಕುದಿಯುವ ನೀರಿನ ಸದ್ದು, ಆಮೇಲೆ ಮಳೆಯದು. ತನ್ನ ದನಿ ತನಗೇ ಕೇಳಿಸದವಳು ಅದರ ಅಳತೆಯನ್ನು ಹೇಗೆ ಇಟ್ಟುಕೊಂಡಾಳು? ಅವಳು ಬಾಯಿ ತೆರೆದರೆ ಬೀದಿಯ ಆ ಕೊನೆಯವರು ಕಿಟಕಿಯಿಂದ ಇಣುಕುತ್ತಿದ್ದರು.

"ಲೇ ನಗಾರಿ, ನೀನು ಒಂದು ಗುಟ್ಟು ಹೇಳಬೇಕಾದ್ರೆ ಊರಿಗೆಲ್ಲ ರಜೆ ಕೊಟ್ಟು ಕಳಿಸಬೇಕು ಕಣೇ," ಎಂದು ಮೇಸ್ತ್ರಿ ನಗುತ್ತಿದ್ದ.

"ನಿನ್ನ ಕಟ್ಕೊಂಡಿದ್ದೇ ದೊಡ್ಡ ಗುಟ್ಟು. ಅದನ್ನ ಯಾರಿಗೂ ಹೇಳಿಲ್ಲ, ಸುಮ್ನಿರು!" ಎಂದು ಅವಳು ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

ಮಗಳ ದನಿ ತನ್ನ ಕಿವಿಗೆ ಯಾವಾಗ ಕೇಳದೆ ಹೋಯಿತೆಂದು ಅವಳಿಗೆ ಗೊತ್ತಾಗಲೇ ಇಲ್ಲ. ಏಕೆಂದರೆ ಮಗಳ ಮಾತನ್ನು ಅವಳು ಮೊದಲಿನಿಂದಲೂ ಕಿವಿಯಿಂದ ಕೇಳಿದವಳೇ ಅಲ್ಲ.

ಮಗು ಬೆಳೆದದ್ದು ಮಗ್ಗದ ಪಕ್ಕದ ನೂಲಿನ ಬುಟ್ಟಿಯಲ್ಲಿ. ಬಿಳಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸಿದರೆ ಲಾಳಿಯೊಳಗೆ ಇಡುವ ನೂಲಿನ ಕಂಡಿಕೆಯ ಹಾಗೆಯೇ ಕಾಣುತ್ತಿತ್ತು. ಅದಕ್ಕೆ ಅವಳು ಮಗಳನ್ನು ಕಂಡಿಕೆ ಎಂದೇ ಕರೆದಳು. ಎಲ್ಲ ಮಕ್ಕಳೂ ದನಿ ಕೇಳಿ ಮಾತು ಕಲಿತರೆ ಕಂಡಿಕೆ ತುಟಿ ನೋಡಿ ಕಲಿತಳು. ಅವಳ ಮೊದಲ "ಅಮ್ಮ" ಎಂಬ ಮಾತಿಗೆ ಸದ್ದೇ ಇರಲಿಲ್ಲ. ಸಣ್ಣ ತುಟಿಗಳು ಒಂದು ಸಲ ಕೂಡಿ ಬಿಟ್ಟವು, ಅಷ್ಟೆ. ನಗಾರಿ ಓಡುತ್ತಿದ್ದ ಮಗ್ಗವನ್ನು ನಿಲ್ಲಿಸಿಬಿಟ್ಟಿದ್ದಳು. ಸೂಪರ್‌ವೈಸರ್ ಬಂದು "ಯಾಕೆ ನಿಂತಿತು?" ಎಂದು ಕೈಯಾಡಿಸಿದಾಗ, ಬುಟ್ಟಿಯ ಕಡೆ ಬೆರಳು ತೋರಿಸಿ ಅತ್ತುಬಿಟ್ಟಿದ್ದಳು.

ಸ್ವಲ್ಪ ದೊಡ್ಡವಳಾದ ಮೇಲೆ ಕಂಡಿಕೆ ಸಿಟ್ಟು ಬಂದರೆ ಬಿಗಿಯಾಗಿ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದಳು. ಶೆಡ್ಡಿನ ಆ ದೊಡ್ಡ ತಪ್ಪನ್ನು ಇಷ್ಟು ಚಿಕ್ಕ ಮುಖ ಮಾಡುವುದನ್ನು ಕಂಡು ಹೆಂಗಸರೆಲ್ಲ ನಗುತ್ತಿದ್ದರು. ನಗಾರಿ ನೂಲಿನ ಧೂಳು ಮೆತ್ತಿದ ಹೆಬ್ಬೆರಳುಗಳಿಂದ ಮಗಳ ರೆಪ್ಪೆಗಳನ್ನು ಮೆಲ್ಲಗೆ ಮೇಲೆತ್ತಿ, ಆ ಸೀಳಿನೊಳಗೆ ಇಣುಕಿ ಬಾಯಾಡಿಸುತ್ತಿದ್ದಳು: "ಅಮ್ಮ ಇಲ್ಲೇ ಇದ್ದಾಳೆ. ನೋಡು."

ಶಾಲೆಗೆ ಸೇರಿಸಿದ ಮೇಲೆ ಟೀಚರಮ್ಮ ಕರೆಸಿ ದೂರಿದಳು. "ಹುಡುಗಿ ತುಂಬಾ ಚುರುಕು. ಆದ್ರೆ ಅದೇನು ಮುಖ ಕಿವುಚೋದು, ಕೈ ಆಡ್ಸೋದು? ಬಾಯಿ ಅಷ್ಟಗಲ ತೆಗೀಬಾರದು, ಕೈ ಕಟ್ಕೊಂಡು ಮಾತಾಡಬೇಕು ಅಂತ ಮನೇಲಿ ಹೇಳ್ಕೊಡಿ." ಮೇಸ್ತ್ರಿ ಅದನ್ನು ಶೆಡ್ಡಿನ ಮಾತಿನಲ್ಲಿ ಹೆಂಡತಿಗೆ ದಾಟಿಸಿದ. ನಗಾರಿಗೆ 'ಚುರುಕು' ಎಂಬುದೊಂದೇ ಮನಸ್ಸಿಗೆ ಇಳಿಯಿತು. "ಕೈ ಕಟ್ಟಿಸೋಣ ಬಿಡಿ ಟೀಚರಮ್ಮ!" ಎಂದು ಅವಳು ಹೇಳಿದ್ದಕ್ಕೆ ಪಕ್ಕದ ತರಗತಿಯ ಮಕ್ಕಳೆಲ್ಲ ಗಾಬರಿಯಿಂದ ಕೈ ಕಟ್ಟಿದರಂತೆ. ಕಂಡಿಕೆ ಆ ಕತೆಯನ್ನು ಶೆಡ್ಡಿನ ತುಂಬ ಅಭಿನಯಿಸಿ ತೋರಿಸಿದಳು.

ಅವಳು ಓದಿದಳು. ಓದಿ ಓದಿ ದೂರದ ನಗರದ ದೊಡ್ಡ ಶಾಲೆಗೆ, ಅದರ ಹಾಸ್ಟೆಲಿಗೆ ಆಯ್ಕೆಯಾದಳು. ಹೊರಡುವ ದಿನ ಬಸ್ ನಿಲ್ದಾಣದಲ್ಲಿ ಎಲ್ಲ ಬಸ್ಸುಗಳ ಇಂಜಿನ್ನುಗಳೂ ಗುರುಗುಡುತ್ತಿದ್ದವು. ಬೇರೆ ಅಪ್ಪ ಅಮ್ಮಂದಿರು ಕಿಟಕಿಯ ಕೆಳಗೆ ನಿಂತು "ಏನು? ಏನಂದೆ?" ಎಂದು ಗಂಟಲು ಹರಿದುಕೊಳ್ಳುತ್ತಿದ್ದರೆ, ಈ ತಾಯಿ ಮಗಳು ಮುಚ್ಚಿದ ಗಾಜಿನ ಆಚೆ ಈಚೆ ನಿಂತು ಮನೆಯೊಳಗಿನಷ್ಟೇ ಸಲೀಸಾಗಿ ಮಾತಾಡಿಕೊಂಡರು. ಟವೆಲ್ ಎಲ್ಲಿಟ್ಟಿದ್ದೀಯಾ, ಹುಷಾರು, ಬಿಸಿ ನೀರು ಕುಡಿ, ಅಪ್ಪ ಅಳ್ತಿದಾರೆ ನೋಡು, ಇಲ್ಲ ಕಣೇ ಕಣ್ಣಿಗೆ ಧೂಳು ಬಿದ್ದಿದೆ. ಬಸ್ಸು ಹೊರಟು ತಿರುವಿನವರೆಗೆ ಹೋಗುವಷ್ಟು ಹೊತ್ತೂ ಹಿಂದಿನ ಗಾಜಿನಲ್ಲಿ ಕಂಡಿಕೆಯ ಬಾಯಿ ಆಡುತ್ತಲೇ ಇತ್ತು. ಪಕ್ಕದಲ್ಲಿ ನಿಂತಿದ್ದ ಹೆಂಗಸು ಅಸೂಯೆಯಿಂದ, "ನೀವಿಬ್ರು ಪುಣ್ಯವಂತರು ಬಿಡಿ," ಎಂದಿದ್ದಳು.

ಮೊದಲ ವರ್ಷ ಫೋನಿನಲ್ಲಿ ಮುಖ ಕಾಣುತ್ತಿತ್ತು. ಮಗಳು ಫೋನನ್ನು ನೀರಿನ ಬಾಟಲಿಗೆ ಒರಗಿಸಿ, ಮಂಚದ ಮೇಲೆ ಕಾಲು ಮಡಚಿ ಕೂತು, ಸದ್ದೇ ಇಲ್ಲದೆ ದಿನವನ್ನೆಲ್ಲ ಹೇಳುತ್ತಿದ್ದಳು. ಒಂದು ದಿನ ನಗುತ್ತಾ ಹೇಳಿದಳು: "ಅಮ್ಮ, ಇಲ್ಲಿ ಹುಡುಗೀರು ನನಗೆ ಏನಂತ ಹೆಸರಿಟ್ಟಿದಾರೆ ಗೊತ್ತಾ? ಮೀನು! ಸುಮ್ನೆ ಬಾಯಿ ತೆಗೆದು ಮುಚ್ಚಿ ಮಾಡ್ತೀನಂತೆ."

"ಮೀನು ಚೆನ್ನಾಗಿರುತ್ತಲ್ಲೇ," ಎಂದಳು ನಗಾರಿ, ಏನೂ ತಿಳಿಯದೆ.

ಆಮೇಲೆ ಆ ಹೆಸರಿನ ಸುದ್ದಿ ಬರಲಿಲ್ಲ. ಫೋನಿನಲ್ಲಿ ಮೊದಲು ಮಗಳ ಹಣೆಯಷ್ಟೇ ಕಾಣತೊಡಗಿತು, ಆಮೇಲೆ ಕೋಣೆಯ ಮೂಲೆ, ಆಮೇಲೆ ಏನೂ ಇಲ್ಲ. "ಇಲ್ಲಿ ನೆಟ್‌ವರ್ಕ್ ಸರಿ ಇಲ್ಲಪ್ಪ, ವಿಡಿಯೋ ಬರಲ್ಲ," ಎಂದು ಅವಳು ಅಪ್ಪನಿಗೆ ಹೇಳುತ್ತಿದ್ದಳು. ಮೇಸ್ತ್ರಿ ಫೋನನ್ನು ಕಿವಿಗೆ ಒತ್ತಿಕೊಂಡು ಕೂತರೆ ನಗಾರಿ ಅವನ ಮುಂದೆ ಮಂಡಿಯೂರಿ ಅವನ ಮುಖವನ್ನೇ ನೋಡುತ್ತಿದ್ದಳು.

"ಏನಂದಳು?"

"ಚೆನ್ನಾಗಿದೀನಿ ಅಂದಳು."

"ಇಷ್ಟೊತ್ತು ಮಾತಾಡಿದ್ಳು! ಬರೀ ಚೆನ್ನಾಗಿದೀನಿ ಅನ್ನೋಕೆ ಇಷ್ಟೊತ್ತು ಬೇಕಾ?"

ಮೇಸ್ತ್ರಿ ಮಾತು ಬೆಳೆಸುವ ಗಂಡಸಲ್ಲ. ಮಗಳು ಹೇಳಿದ ಇಡೀ ಬುಟ್ಟಿ ಮಾತನ್ನು ಅವನು ಒಂದು ಹಿಡಿ ಮಾಡಿ ಕೊಡುತ್ತಿದ್ದ. ನಗಾರಿ ಆ ಹಿಡಿಯನ್ನೇ ಮರುದಿನ ಶೆಡ್ಡಿನಲ್ಲಿ ಎಲ್ಲರಿಗೂ ಹಂಚಿ, ಹಂಚುತ್ತಾ ಹಂಚುತ್ತಾ ಮತ್ತೆ ಬುಟ್ಟಿ ತುಂಬಿಸುತ್ತಿದ್ದಳು.

ರಜೆಗೆ ಬಂದ ಮಗಳು ಬೇರೆಯವಳು. ಅವಳ ಬಾಯಿ ಸಣ್ಣದಾಗಿತ್ತು. ತುಟಿಗಳು ಒಂದನ್ನೊಂದು ಬಿಡಲೋ ಬೇಡವೋ ಎನ್ನುವಂತೆ ಅಲುಗಿದರೆ ಅದೇ ಅವಳ ಮಾತು. ಅದೂ ಪುಸ್ತಕದ ಮೇಲೆ ಬಗ್ಗಿಕೊಂಡು, ಫೋನಿನ ಕಡೆ ತಿರುಗಿಕೊಂಡು, ತಲೆ ಬಾಚುತ್ತಾ ಗೋಡೆಗೆ. ಕೈಗಳು ಮಡಿಲಲ್ಲಿ ಮಡಚಿಕೊಂಡು ಮಲಗಿರುತ್ತಿದ್ದವು.

"ಮುಖ ಕೊಟ್ಟು ಮಾತಾಡೇ," ಎಂದು ನಗಾರಿ ಬೇಡಿಕೊಳ್ಳುತ್ತಿದ್ದಳು. ಮಗಳು ತಿರುಗಿ ಒಂದು ವಾಕ್ಯ ಹೇಳುವಳು, ಎರಡನೆಯ ವಾಕ್ಯದ ಹೊತ್ತಿಗೆ ಮುಖ ಮತ್ತೆ ಜಾರಿರುತ್ತಿತ್ತು. ಒಂದು ಸಂಜೆ ಆಸೆ ತಡೆಯಲಾರದೆ ನಗಾರಿ ಮಗಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿದಳು. ಮಗಳು ಆ ಕೈಯನ್ನು ಕಿತ್ತುಹಾಕಿದಳು. ಅವಳು ಏನೋ ಹೇಳಿದ್ದು ಕಂಡಿತು; ಏನೆಂದು ಕಾಣಲಿಲ್ಲ. ಮೇಸ್ತ್ರಿಯನ್ನು ಕೇಳಿದರೆ ಅವನು ಸ್ಪ್ಯಾನರ್ ಒರೆಸುತ್ತಾ, "ಏನಿಲ್ಲ, ತಲೆನೋವಂತೆ," ಎಂದ.

ಒಮ್ಮೆ ಪೇಟೆಗೆ ಹೋದಾಗ ಮಗಳು ನಾಲ್ಕು ಹೆಜ್ಜೆ ಮುಂದೆ ನಡೆದಳು. "ಕಂಡಿಕೇ, ಈ ಬಣ್ಣ ನೋಡೇ, ನಿನಗೆ ಒಪ್ಪುತ್ತೆ!" ಎಂದು ನಗಾರಿ ಅಂಗಡಿಯ ಮುಂದೆ ನಿಂತು ಕರೆದಾಗ ದಾರಿಯಲ್ಲಿದ್ದವರೆಲ್ಲ ತಿರುಗಿದರು, ಮಗಳೊಬ್ಬಳನ್ನು ಬಿಟ್ಟು.

ಅಂಥ ರಜೆಗಳಲ್ಲಿ ನಗಾರಿ ಕೆಲಸ ಮುಗಿಸಿ ಬಂದು ಮಗಳ ಎದುರು ಸುಮ್ಮನೆ ಕೂರುತ್ತಿದ್ದಳು. ಓದುವಾಗ ಮಗಳ ತುಟಿ ತನಗರಿವಿಲ್ಲದೆ ಅಲುಗುತ್ತಿತ್ತು. ಅದು ನಗಾರಿಗೆ ತಿಳಿಯದ ಭಾಷೆಯ ಪುಸ್ತಕ, ಒಂದಕ್ಷರವೂ ಕೈಗೆ ಸಿಗದು. ಆದರೂ ಹಸಿದವರು ಪಕ್ಕದ ಮನೆಯ ಒಲೆಯ ಹೊಗೆ ನೋಡುವ ಹಾಗೆ ಆ ತುಟಿಗಳನ್ನೇ ನೋಡುತ್ತಾ ಕೂರುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಇದೊಂದೇ: ಮಗಳು ಇನ್ನೊಂದು ಸಲ ಬಾಯಿ ತುಂಬ, ಮುಖ ತುಂಬ ತನ್ನೊಡನೆ ಮಾತಾಡಬೇಕು. ಕಿವಿ ಪೂರ್ತಿ ಹೋದಾಗಲೂ ಅವಳು ಹೆದರಿರಲಿಲ್ಲ. ಈಗ ಹೆದರಿದಳು. ಇದು ಎರಡನೆಯ ಕಿವುಡು, ಇದಕ್ಕೆ ಯಾವ ಡಾಕ್ಟರೂ ಇಲ್ಲ ಎಂದು ಅವಳಿಗೆ ಅನಿಸಿಬಿಟ್ಟಿತು.

ಮಗಳು ಕಾಲೇಜು ಮುಗಿಸಿದಳು, ಅದರ ಮೇಲಿನದನ್ನೂ ಮುಗಿಸಿದಳು. ಭಾಷಣ ಮಾಡುವುದರಲ್ಲಿ ಇಡೀ ಕಾಲೇಜಿಗೇ ಮೊದಲಿಗಳೆಂದು ಮೇಸ್ತ್ರಿ ಫೋನು ಕೇಳಿ ಹೇಳಿದ. ಪದವಿ ಕೊಡುವ ಸಮಾರಂಭಕ್ಕೆ ಒಬ್ಬರನ್ನು ಮಾತ್ರ ಕರೆತರಬಹುದಂತೆ. ಅಲ್ಲಿಯೇ ಪಾಠ ಹೇಳುವ ಕೆಲಸ ಸಿಗಬಹುದಂತೆ. ಅದು ಅವಳ ದೊಡ್ಡ ಮೇಡಂ ಕೈಯಲ್ಲಿದೆಯಂತೆ.

"ನೀನೇ ಹೋಗು," ಎಂದ ಮೇಸ್ತ್ರಿ. "ನಾನು ಹೋದ್ರೆ ಮಗ್ಗ ನಿಲ್ಲುತ್ತೆ."

"ಇನ್ನೇನಂದಳು?"

ಮೇಸ್ತ್ರಿ ಎದ್ದು ನೀರು ಕುಡಿದ. ಕಿಟಕಿ ಮುಚ್ಚಿದ, ಮತ್ತೆ ತೆಗೆದ.

"ಅಯ್ಯೋ, ಬೊಗಳೋ ಮಾರಾಯ!"

"ಅಲ್ಲಿ ಮೆಲ್ಲಗೆ ಮಾತಾಡಬೇಕಂತೆ," ಎಂದ ಅವನು, ಅವಳ ಕಡೆ ನೋಡದೆ. ಅವಳು ಅದನ್ನು ಅವನ ಕೆನ್ನೆಯ ಪಕ್ಕದಿಂದಲೇ ಓದಿಕೊಂಡಳು.

ನಗಾರಿಗೆ ಬೇಸರವಾಗಲಿಲ್ಲ, ದಾರಿ ಸಿಕ್ಕಿತು ಅನಿಸಿತು. ಇಷ್ಟೇನಾ? ಇಷ್ಟು ಮಾಡಿದರೆ ಮಗಳು ಮುಖ ಕೊಡುತ್ತಾಳಾ? ಅವಳು ನೇರ ಪಕ್ಕದ ಮನೆಯ ದರ್ಜಿ ಅಕ್ಕನ ಹತ್ತಿರ ಹೋದಳು.

"ಅಕ್ಕಾ, ನನಗೆ ಮೆಲ್ಲಗೆ ಮಾತಾಡೋದು ಕಲಿಸು!"

ದರ್ಜಿ ಅಕ್ಕ ಹೊಲಿಗೆ ಯಂತ್ರದ ಮೇಲೆ ಕೈಯಿಟ್ಟು ನಿಂತೇಬಿಟ್ಟಳು. "ಈಗ ನೀನು ಕೇಳಿದ್ದು ಊರಿಗೆಲ್ಲ ಗೊತ್ತಾಯ್ತು ತಾಯಿ. ಬಾ, ಕೂತ್ಕೋ."

ಪಾಠ ಶುರುವಾಯಿತು. ದರ್ಜಿ ಅಕ್ಕ ಅಳತೆ ಟೇಪು ಕೊರಳಿಗೆ ಹಾಕಿಕೊಂಡು, ಕೈಯನ್ನು ಮೇಲೆ ಎತ್ತಿದರೆ ದನಿ ಜೋರು, ಕೆಳಗೆ ಇಳಿಸಿದರೆ ಸರಿ ಎಂದು ಗುರುತು ಮಾಡಿಕೊಂಡಳು. ನಗಾರಿ ಒಂದು ವಾಕ್ಯ ಹೇಳುವಳು. ದರ್ಜಿ ಅಕ್ಕನ ಕೈ ಸೂರಿಗೆ ಹೋಗುವುದು. ಇನ್ನೊಮ್ಮೆ ಹೇಳುವಳು, ಕೈ ಭುಜದವರೆಗೆ ಇಳಿಯುವುದು, ಕೊನೆಯ ಪದಕ್ಕೆ ಮತ್ತೆ ಹಾರುವುದು.

"ನಿನ್ನ ಗಂಟಲಲ್ಲಿ ಮೋಟಾರ್ ಇದೆ ಕಣೇ. ಕೈಯಿಟ್ಟು ನೋಡು, ಹೇಗೆ ನಡುಗುತ್ತೆ."

ನಗಾರಿ ಗಂಟಲಿನ ಮೇಲೆ ಬೆರಳಿಟ್ಟುಕೊಂಡಳು. ಹೌದು, ಮಗ್ಗದ ಮೈಯಂತೆ ನಡುಗುತ್ತಿತ್ತು. ನಡುಕ ಕಡಿಮೆ ಮಾಡಿದಳು, ಇನ್ನೂ ಕಡಿಮೆ ಮಾಡಿದಳು. ದಿನಗಟ್ಟಲೆ ಮನೆಗೆಲಸದ ನಡುವೆ, ಬಟ್ಟೆ ಒಗೆಯುವಾಗ, ಬೀದಿಯಲ್ಲಿ ನಡೆಯುವಾಗ ಗಂಟಲ ಮೇಲೆ ಕೈಯಿಟ್ಟುಕೊಂಡೇ ಇದ್ದಳು. ನೋಡಿದವರು "ಏನಾದ್ರೂ ಸಿಕ್ಕಿಕೊಂಡಿದೆಯೇನಮ್ಮ?" ಎಂದು ಕೇಳಿದರು. ಆದರೂ ಒಂದೊಂದು ಸಲ ದನಿ ಕೈಮೀರಿ ನೆಗೆದುಬಿಡುತ್ತಿತ್ತು. ಅದು ನೆಗೆದದ್ದು ಅವಳಿಗೆ ಎದುರಿನವರ ಹುಬ್ಬಿನಿಂದ ಮಾತ್ರ ಗೊತ್ತಾಗುತ್ತಿತ್ತು. ಆ ಸಮಾರಂಭದಲ್ಲಿ ಹೀಗಾದರೆ? ಮಗಳ ಕೆಲಸ ಕೈತಪ್ಪಿದರೆ? ಹೊರಡುವ ಮುಂಜಾನೆ ಅವಳು ತಾನೇ ತೀರ್ಮಾನಿಸಿದಳು: ಗಂಟಲು ಒಂದಿಷ್ಟೂ ನಡುಗದಿದ್ದರೆ ತಪ್ಪಾಗಲು ಸಾಧ್ಯವೇ ಇಲ್ಲ. ಶೆಡ್ಡಿನಲ್ಲಿ ಮಾತಾಡುವಂತೆಯೇ ಮಾತಾಡಿದರಾಯಿತು. ಅಷ್ಟು ಓದಿದವರಿಗೆ ತುಟಿ ನೋಡಿದರೆ ತಿಳಿಯದೇ?

ಮೇಡಂಗೆ ಹೇಳಬೇಕಾದ ಮಾತನ್ನು ಅವಳು ಬಸ್ಸಿನ ಕಿಟಕಿ ಗಾಜಿನ ಪ್ರತಿಬಿಂಬದಲ್ಲಿ ಅಭ್ಯಾಸ ಮಾಡುತ್ತಾ ಹೋದಳು: 'ನನ್ನ ಮಗಳನ್ನ ನಿಮ್ಮ ಮಗಳ ಹಾಗೆ ನೋಡ್ಕೊಂಡಿದೀರಿ. ನಿಮ್ಮ ಹೊಟ್ಟೆ ತಣ್ಣಗಿರಲಿ.' ಪಕ್ಕದ ಪ್ರಯಾಣಿಕ ಸ್ವಲ್ಪ ಸರಿದು ಕೂತ.

ಸಭಾಂಗಣ ದೊಡ್ಡದು, ಎತ್ತರದ ಕಿಟಕಿಗಳದು. ಕರಿ ನಿಲುವಂಗಿ ತೊಟ್ಟ ಮಗಳು ವೇದಿಕೆ ಹತ್ತಿದಾಗ ಎಲ್ಲರೂ ಚಪ್ಪಾಳೆ ತಟ್ಟುವುದು ಕಂಡಿತು. ನಗಾರಿ ತನ್ನ ಕೈಗಳು ಎಲ್ಲಿ ಜೋರಾಗಿ ಬಡಿದುಬಿಡುತ್ತವೋ ಎಂದು ಬೆರಳ ತುದಿಯಿಂದಷ್ಟೇ ತಟ್ಟಿದಳು. ಕಣ್ಣೀರಿಗೆ ಸದ್ದಿಲ್ಲವಲ್ಲ, ಅದನ್ನು ಮಾತ್ರ ಧಾರಾಳವಾಗಿ ಬಿಟ್ಟಳು.

ಆಮೇಲೆ ಪಕ್ಕದ ಹಾಲಿನಲ್ಲಿ ಚಹಾ. ಎಲ್ಲರೂ ನಿಂತುಕೊಂಡು, ಲೋಟ ಹಿಡಿದುಕೊಂಡು, ಒಟ್ಟಿಗೆ ಮಾತಾಡುತ್ತಿದ್ದರು. ಮಗಳು ಕೈಹಿಡಿದು ಕರೆದೊಯ್ದಳು. ಬೆಳ್ಳಿಗೂದಲ, ಕನ್ನಡಕದ ದೊಡ್ಡ ಮೇಡಂ ಕಿಟಕಿಯ ಬಳಿ ನಿಂತಿದ್ದರು. ಅವರ ನಗು ಒಳ್ಳೆಯದಾಗಿತ್ತು. ನಗಾರಿ ಗಂಟಲನ್ನು ಒಮ್ಮೆ ಮುಟ್ಟಿಕೊಂಡು, ಕೈ ಇಳಿಸಿ, ಹೇಳಿದಳು. ಒಂದೊಂದು ಪದವನ್ನೂ ತಿದ್ದಿ ತೀಡಿ, ತುಟಿ ತುಂಬ, ಸದ್ದಿಲ್ಲದೆ: "ನನ್ನ ಮಗಳನ್ನ ನಿಮ್ಮ ಮಗಳ ಹಾಗೆ ನೋಡ್ಕೊಂಡಿದೀರಿ. ನಿಮ್ಮ ಹೊಟ್ಟೆ ತಣ್ಣಗಿರಲಿ."

ಮೇಡಂ ಕಿವಿಯನ್ನು ಮುಂದೆ ತಂದರು. ನಗಾರಿ ಇನ್ನೊಮ್ಮೆ ಹೇಳಿದಳು, ಇನ್ನೂ ಅಗಲವಾಗಿ, ಹುಬ್ಬು ಸೇರಿಸಿ, ಕೈ ಸೇರಿಸಿ. ಮೇಡಂ ಅವಳ ಬಾಯಿಯನ್ನೂ ಕೈಯನ್ನೂ ನೋಡಿ, ಗೊಂದಲದಿಂದ ಮಗಳ ಕಡೆ ತಿರುಗಿದರು. ಮಗಳ ಮುಖ ಸುಟ್ಟ ಬಟ್ಟೆಯ ಹಾಗೆ ಮುದುಡಿತ್ತು. ಅವಳು ಅಮ್ಮನ ಭುಜ ಹಿಡಿದು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಚಹಾದ ಲೋಟ ಕೈಗಿಟ್ಟು ಮರಳಿ ಹೋದಳು.

ನಗಾರಿ ಲೋಟ ಹಿಡಿದು ಕೂತಳು. ಏನೋ ತಪ್ಪಾಯಿತು ಎಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ದನಿ ಎತ್ತಲಿಲ್ಲವಲ್ಲ? ಎತ್ತಲೇ ಇಲ್ಲವಲ್ಲ?

ಹಾಲು ತುಂಬುತ್ತಿತ್ತು. ಜನರ ಬಾಯಿಗಳು ದೊಡ್ಡದಾಗುತ್ತಾ ಬಂದವು. ಗದ್ದಲ ಏರುತ್ತಿದೆಯೆಂದು ಅವಳಿಗೆ ಅದರಿಂದಲೇ ತಿಳಿಯಿತು. ಅಲ್ಲಿದ್ದವರೆಲ್ಲ ಒಬ್ಬರ ಮಾತು ಒಬ್ಬರಿಗೆ ಸಿಗದೆ ಕತ್ತು ಚಾಚುತ್ತಿದ್ದರೆ, ಅವಳೊಬ್ಬಳಿಗೆ ಇದು ಮನೆಯಂಥ ಜಾಗ. ಆ ಬಾಯಿಗಳ ಕಾಡಿನ ಆಚೆ, ಹಾಲಿನ ಇನ್ನೊಂದು ತುದಿಯಲ್ಲಿ ಮಗಳು ಮೇಡಂ ಎದುರು ನಿಂತಿದ್ದಳು. ಮೇಡಂ ಏನೋ ಕೇಳಿದರು. ಮಗಳು ಸಣ್ಣ ಬಾಯಿಯಲ್ಲಿ ಉತ್ತರಿಸಿದಳು. ಕೇಳಿಸಲಿಲ್ಲವೆಂದು ಮೇಡಂ ತಲೆಯಾಡಿಸಿದರು.

ಆಗ ಮಗಳ ಬಾಯಿ ತೆರೆಯಿತು.

ಎಷ್ಟೋ ವರ್ಷಗಳಿಂದ ಮಡಚಿಟ್ಟಿದ್ದ ಬಟ್ಟೆ ಬಿಚ್ಚಿದ ಹಾಗೆ, ತನಗೇ ತಿಳಿಯದೆ, ಗದ್ದಲ ದಾಟಿಸಲು ಅವಳ ತುಟಿ ಶೆಡ್ಡಿನ ಮಾತಿಗೆ ತಿರುಗಿಬಿಟ್ಟಿತು. ಒಂದೊಂದು ಅಕ್ಷರಕ್ಕೂ ಬೇರೆ ಮಡಿಕೆ. ಹುಬ್ಬು ಏರಿತು. ರಜೆಗಳಲ್ಲೆಲ್ಲ ಮಡಿಲಲ್ಲಿ ಮಲಗಿರುತ್ತಿದ್ದ ಕೈ ಎದ್ದಿತು. ಅಯ್ಯೋ, ನನ್ನ ಕಂಡಿಕೆ! ನಗಾರಿ ಕುರ್ಚಿಯಿಂದ ಅರ್ಧ ಎದ್ದಳು. ಬುಟ್ಟಿಯಲ್ಲಿದ್ದ ಆ ಮುಖವೇ, ಬಸ್ಸಿನ ಗಾಜಿನ ಹಿಂದಿನ ಆ ಬಾಯಿಯೇ. ಅವಳ ಎದೆ ಉಕ್ಕಿ ಬಂತು. ಮೊದಲು ಬಾಯಿಯ ಚೆಲುವನ್ನಷ್ಟೇ ನೋಡಿದಳು. ಅದು ಏನು ಹೇಳುತ್ತಿದೆ ಎಂಬುದು ಆಮೇಲೆ ಬಂತು.

"ಅವರಿಗೆ ಮಾತು ಬರಲ್ಲ, ಮೇಡಂ. ಹುಟ್ಟಿನಿಂದಲೇ. ಮೂಗಿ."

ಮೇಡಂ ಮರುಕದಿಂದ ಮಗಳ ಕೈ ಹಿಡಿದರು. ಮತ್ತೇನೋ ಕೇಳಿದರು.

"ಇಲ್ಲ, ಕೆಲಸಕ್ಕೆಲ್ಲ ಹೋಗಲ್ಲ. ಮನೇಲೇ ಇರ್ತಾರೆ," ಎಂದಿತು ಆ ಸ್ಪಷ್ಟವಾದ, ತಾನೇ ಕಲಿಸಿದ ಬಾಯಿ. "ಅದಕ್ಕೇ ನಾನು ಮಾತಾಡೋದು ಕಲಿತೆ ಅನ್ಸುತ್ತೆ. ಅವರ ಪಾಲಿಂದೂ ಸೇರಿಸಿ."

ಮೇಡಂ ಕಣ್ಣು ಒರೆಸಿಕೊಂಡರು. ಮಗಳು ತಲೆ ಎತ್ತಿದಳು. ಹಾಲಿನ ಉದ್ದಕ್ಕೂ, ಎಲ್ಲ ತಲೆಗಳ ಮೇಲೆ, ಅವಳ ಕಣ್ಣು ಅಮ್ಮನ ಕಣ್ಣಿಗೆ ಬಂದು ತಾಗಿತು. ಅವಳ ಬಾಯಿ ಹಾಗೆಯೇ ತೆರೆದು ನಿಂತಿತು. ಮರೆತಿದ್ದುದು ಅವಳಿಗೆ ಆಗ ನೆನಪಾಯಿತು.

ನಗಾರಿ ಮೆಲ್ಲಗೆ ಕೂತಳು. ಚಹಾ ಕೈಯ ಮೇಲೆ ಚೆಲ್ಲಿತ್ತು.

ಮಧ್ಯಾಹ್ನದ ಬಸ್ಸಿಗೆ ಮಗಳೂ ಅವಳ ಗೆಳತಿಯೊಬ್ಬಳೂ ಬಿಡಲು ಬಂದರು. ದಾರಿಯುದ್ದಕ್ಕೂ ಮಗಳು ಅಮ್ಮನ ಕೈಚೀಲ ತಾನೇ ಹೊತ್ತಿದ್ದಳು. ಗೆಳತಿ ನಗಾರಿಗೆ ಕೈಸನ್ನೆಯಲ್ಲಿ, ಮಕ್ಕಳಿಗೆ ಹೇಳುವ ಹಾಗೆ, ಬಸ್ಸು, ಮೆಟ್ಟಿಲು, ಹುಷಾರು ಎಂದು ತೋರಿಸಿದಳು. ಮೂಗಿ ಎಂಬ ಸುದ್ದಿ ಇಲ್ಲಿಗೂ ಬಂದಿತ್ತು. ನಗಾರಿ ತಲೆಯಾಡಿಸಿ ಮೆಟ್ಟಿಲು ಹತ್ತಿದಳು. ಗಂಟಲಿನೊಳಗೆ ಇಡೀ ಬೀದಿಗೆ ಕೇಳುವಂಥ ಒಂದು ಕೂಗು ಕೂತಿತ್ತು. ಇಲ್ಲಿ ಅದನ್ನು ಬಿಟ್ಟರೆ ಮಗಳ ಸುಳ್ಳು ಇಲ್ಲಿಯೇ ಒಡೆಯುತ್ತದೆ; ಕೆಲಸ ಹೋಗುತ್ತದೆ, ಮರ್ಯಾದೆ ಹೋಗುತ್ತದೆ. ಅವಳು ಅದರ ಮೇಲೆ ಬೆರಳೊತ್ತಿ ಕಿಟಕಿಯ ಪಕ್ಕ ಕೂತಳು. ಗಾಜು ಮುಚ್ಚಿತ್ತು.

ಇಂಜಿನ್ ಶುರುವಾಯಿತು. ಸೀಟು ನಡುಗಿದ್ದರಿಂದ ಅವಳಿಗೆ ತಿಳಿಯಿತು. ಗೆಳತಿ ನೀರು ಕೊಳ್ಳಲು ಅಂಗಡಿಯ ಕಡೆ ಹೋದಳು. ಆ ಗಳಿಗೆಗೇ ಕಾದಿದ್ದವಳಂತೆ ಮಗಳು ಕಿಟಕಿಯ ಕೆಳಗೆ ಓಡಿ ಬಂದು ಮುಖ ಮೇಲೆತ್ತಿದಳು. ಬಾಯಿ ತುಂಬ, ಮುಖ ತುಂಬ, ಅವಳು ಮಾತಾಡಿದಳು.

"ಅಮ್ಮ. ನೋಡಿದೆಯಾ? ಅಲ್ಲಿ, ಹಾಲಲ್ಲಿ. ನಾನು ಹೇಳಿದ್ದು ನೋಡಿದೆಯಾ?"

ಇಷ್ಟು ವರ್ಷ ಬೇಡಿದ ಮುಖ ಕೊನೆಗೂ ಪೂರ್ತಿಯಾಗಿ ತನ್ನ ಕಡೆ ತಿರುಗಿತ್ತು. ಅದರ ಮೇಲೆ ಭಯವೊಂದೇ ಇತ್ತು. ಹೌದು ಎಂದರೆ ಇವಳು ಇನ್ನೆಂದೂ ತನ್ನೆದುರು ತಲೆ ಎತ್ತಲಾರಳು, ರಜೆಗೂ ಬರಲಾರಳು. ನಗಾರಿಗೆ ಅದು ಆ ತುಟಿಗಳಷ್ಟೇ ಸ್ಪಷ್ಟವಾಗಿ ಕಂಡಿತು.

ಅವಳು ಕಣ್ಣು ಕಿರಿದು ಮಾಡಿದಳು. ಗಾಜಿಗೆ ಹಣೆ ತಾಗಿಸಿ, ಹುಡುಕುವವಳಂತೆ ನೋಡಿದಳು. ಆಮೇಲೆ ಇಲ್ಲವೆಂದು ತಲೆಯಾಡಿಸಿ, ಎರಡು ಬೆರಳಿಂದ ಕಣ್ಣು ತೋರಿಸಿ, ಬಾಯಾಡಿಸಿದಳು: "ಏನೂ ಕಾಣಲ್ಲ ಮಗಾ. ಈಗೀಗ ಕಣ್ಣು ಮಂಜು. ನಿನ್ನ ಬಾಯಿ ಇಷ್ಟು ಹತ್ತಿರ ಇದ್ರೂ ಗೊತ್ತಾಗ್ತಿಲ್ಲ."

ಮಗಳು ನಂಬಲಾರದೆ ಮತ್ತೆ ಹೇಳಿದಳು. "ಅಮ್ಮ, ನಿಜವಾಗ್ಲೂ ಕಾಣಲ್ವಾ?"

ನಗಾರಿ ಅದಕ್ಕೆ ಉತ್ತರ ಕೊಡಲಿಲ್ಲ. ಕಾಣದವಳು ಹೇಗೆ ಉತ್ತರ ಕೊಟ್ಟಾಳು? ಸುಮ್ಮನೆ ನಕ್ಕು, ಗಾಜಿನ ಮೇಲೆ ಅಂಗೈ ಒತ್ತಿದಳು.

ಮಗಳ ಭುಜಗಳು ಇಳಿದವು. ಮುಖದ ಬಿಗಿ ಸಡಿಲಿತು. ಬಾಯಿ ಮತ್ತೆ ಸಣ್ಣದಾಗಿ ಮಡಚಿಕೊಂಡಿತು. ಕೈ ಎತ್ತಿ ಬೀಸಿದಳು. ಕಾಣದವರಿಗೆ ಬೀಸುವಂತೆ, ದೊಡ್ಡದಾಗಿ.

ಗೆಳತಿ ನೀರಿನ ಬಾಟಲಿ ಹಿಡಿದು ಮರಳಿ ಬಂದಿದ್ದಳು. ಬಸ್ಸು ಹಿಂದಕ್ಕೆ ಸರಿಯಿತು. ಮಗಳು ಗೆಳತಿಯ ಕಡೆ ತಿರುಗಿ, ಇಂಜಿನ್ ಸದ್ದಿನ ಮೇಲೆ ಕೇಳಿಸಲೆಂದು ಬಾಯಿಯನ್ನು ಅಗಲವಾಗಿ ತೆರೆಯುವುದು ನಗಾರಿಗೆ ಕಂಡಿತು. ಮೊದಲ ಅಕ್ಷರಕ್ಕೆ ಆ ತುಟಿಗಳು ಕೂಡಿದವು.

ನಗಾರಿ ಕಣ್ಣು ಮುಚ್ಚಿಕೊಂಡಳು.